ಅನುದಾನ ನಿಂತ ಮೇಲೂ ಒಲೆ ಉರಿಯುತ್ತಿದೆ: ಆಶ್ರಯ ಕೇಂದ್ರಕ್ಕೆ ಹಣ ಹೊಂದಿಸಿದ ನನ್ನ ಅನುಭವ

ನಮ್ಮ ನಗರಸಭೆಯ ವಸತಿರಹಿತರ ಆಶ್ರಯ ಕೇಂದ್ರಕ್ಕೆ ಹೊರಗಿನಿಂದ ಬರುತ್ತಿದ್ದ ಅನುದಾನ ನಿಂತು ಮೂರು ವರ್ಷ ದಾಟಿತು. ಆದರೂ ಒಂದು ರಾತ್ರಿಯೂ ಅಲ್ಲಿ ಒಲೆ ಹೊತ್ತದೆ ಇದ್ದದ್ದಿಲ್ಲ. ಮೂವರು ಕೇರ್‌ಟೇಕರ್‌ಗಳ ಸಂಬಳ ತಿಂಗಳ 7ರೊಳಗೆ ಕೈಸೇರುತ್ತದೆ. ಅಕ್ಕಿ, ಬೇಳೆ ಕೊಡುವ ಅಂಗಡಿಯವರಿಗೆ ಬಾಕಿ ಇಲ್ಲ. ಜೊತೆಗೆ ಒಂದು ಫಿಸಿಯೋಥೆರಪಿ ಕೋಣೆ ಶುರುವಾಗಿದೆ, ಡಯಾಲಿಸಿಸ್ ರೋಗಿಗಳಿಗೆ ಬಸ್ ಚಾರ್ಜು ಕೊಡುತ್ತಿದ್ದೇವೆ. "ಎರಡು ತಿಂಗಳು ನಡೆದರೆ ಹೆಚ್ಚು" ಎಂದಿದ್ದವರೇ ಈಗ ಫೋನ್ ಮಾಡಿ ಕಡತದ ಜೆರಾಕ್ಸ್ ಕೇಳುತ್ತಾರೆ. ಬೇರೆ ನಗರಸಭೆಗಳಲ್ಲಿ ಇದೇ ಕೆಲಸ ಮಾಡುವ ನಿಮಗೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಬರೆದುಬಿಡುವುದು ಮೇಲು ಅನ್ನಿಸಿತು.

ನಾನು ಸಮುದಾಯ ಸಂಘಟನಾಧಿಕಾರಿ. ಈ ಕೆಲಸದಲ್ಲಿ 19 ವರ್ಷ. ಬಯಲುಸೀಮೆಯ ಊರು, ಜನಸಂಖ್ಯೆ ಒಂದೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಹಳೆಯ ವಿಷಯಗಳಿಗೆ ಯಾರ ಯಾರ ಮೇಲೋ ಬೆರಳು ಹೋಗುತ್ತದೆ, ಅದು ನನಗೆ ಬೇಡ. ಅಂಕಿಗಳನ್ನು ನೆನಪಿನಿಂದ ಬರೆದಿದ್ದೇನೆ, ಹತ್ತಿಪ್ಪತ್ತು ಸಾವಿರ ಆಚೀಚೆ ಇರಬಹುದು.

ನಮ್ಮ ಕೇಂದ್ರ ಇರುವುದು ಹಳೆಯ ಆಕ್ಟ್ರಾಯ್ ನಾಕಾದಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ. ನಮ್ಮ ರಾಜ್ಯದಲ್ಲಿ ಆಕ್ಟ್ರಾಯ್ ರದ್ದಾದದ್ದು 1979ರಲ್ಲಿ. ಅಲ್ಲಿಯವರೆಗೆ ಊರೊಳಗೆ ಬರುವ ಪ್ರತಿ ಮೂಟೆಯಿಂದ ಪುರಸಭೆಗೆ ಸ್ವಂತ ಕಾಸು ಬರುತ್ತಿತ್ತು. ಅದು ನಿಂತ ಮೇಲೆ ನಾವೆಲ್ಲ ಬೆಂಗಳೂರಿನ ದಾರಿ ನೋಡಲು ಕಲಿತೆವು. ಆ ಕಲಿಕೆಯನ್ನು ಮರೆಯುವುದಕ್ಕೇ ನನಗೆ ಐದಾರು ವರ್ಷ ಬೇಕಾಯಿತು. ಕಟ್ಟಡ ಸುಮಾರು 1,400 ಚದರಡಿ ಇತ್ತು. ತಲೆಗೆ 50 ಚದರಡಿ ಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ, ಹಾಗಾಗಿ ಹಿಂದೆ ಶೀಟಿನ ಹಾಲ್ ಎಳೆದು 50 ಜನಕ್ಕೆ ಸರಿಮಾಡಿ 2017ರಲ್ಲಿ ತೆರೆದೆವು. ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ನಾವು ಏಳು ವರ್ಷ ತಡ.

ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಿಂದ (ನಲ್ಮ್) 50 ಜನರ ಕೇಂದ್ರಕ್ಕೆ ನಿರ್ವಹಣೆಗೆಂದು ಸಿಗುತ್ತಿದ್ದದ್ದು ವರ್ಷಕ್ಕೆ 6 ಲಕ್ಷ, ಅದೂ ಐದು ವರ್ಷಕ್ಕೆ. ನಿಜವಾದ ಖರ್ಚು ಎಷ್ಟೆಂದು ಹೇಳುತ್ತೇನೆ. ಮೂವರ ಸಂಬಳ ತಿಂಗಳಿಗೆ 42 ಸಾವಿರ. ರಾತ್ರಿ ಊಟ ತಲೆಗೆ 35 ರೂಪಾಯಿಯಂತೆ 52 ಸಾವಿರ. ಬೆಳಗಿನ ತಿಂಡಿಗೆ ಕೇಂದ್ರದಲ್ಲಿ ಒಲೆ ಹಚ್ಚುವುದಿಲ್ಲ. ಇಂದಿರಾ ಕ್ಯಾಂಟೀನ್ ನಾಲ್ಕು ಹೆಜ್ಜೆ ದೂರ, 5 ರೂಪಾಯಿಯ ಟೋಕನ್ ಕೊಂಡು ಹಂಚುತ್ತೇವೆ, ಅದು ಏಳೂವರೆ ಸಾವಿರ. ಕರೆಂಟು, ಫಿನಾಯಿಲ್, ಮಾತ್ರೆ, ಹೊದಿಕೆ ಒಗೆಸುವುದು ಎಲ್ಲ ಸೇರಿ ಇನ್ನೊಂದು 14 ಸಾವಿರ. ವರ್ಷಕ್ಕೆ 14 ಲಕ್ಷ ಆಯಿತು. ಅರ್ಧಕ್ಕಿಂತ ಹೆಚ್ಚು ಮೊದಲ ದಿನದಿಂದಲೇ ಕೊರತೆ. ಆ ಆರು ಲಕ್ಷವೂ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಕೇಂದ್ರ ನಡೆಸುತ್ತಿದ್ದ ಸಂಸ್ಥೆಯವರಿಗೆ ಎಂಟು ತಿಂಗಳ ಬಿಲ್ಲು ಉಳಿಸಿಕೊಂಡೆವು. 2019ರ ದೀಪಾವಳಿ ಕಳೆದ ಮೇಲೆ ಅವರು ಬೀಗದ ಕೈ ತಂದು ನನ್ನ ಟೇಬಲ್ ಮೇಲೆ ಇಟ್ಟು ಹೋದರು. ಅವರ ತಪ್ಪಲ್ಲ. ಕೈಯಿಂದ ಎರಡೂವರೆ ಲಕ್ಷ ಹಾಕಿದ್ದರು ಪಾಪ.

ಅವತ್ತಿನ ರಾತ್ರಿ ಒಳಗೆ 43 ಜನ. ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳಿಗೆ ಫೋನ್ ಮಾಡಿದೆ. ಮೂರು ಜನ ತಮ್ಮ ಮನೆಯ ಅಕ್ಕಿಯನ್ನೇ ತಂದು ಚಿತ್ರಾನ್ನ ಮಾಡಿ ಬಡಿಸಿದರು. ಆಗಿನಿಂದ ಕೇಂದ್ರವನ್ನು ಒಕ್ಕೂಟವೇ ನಡೆಸುತ್ತಿದೆ.

ಆಮೇಲೆ ನಾನು ಮಾಡಿದ್ದು ದೊಡ್ಡ ತಪ್ಪು. ನಿಮಗೂ ಎಲ್ಲರಿಗೂ ಆಗಬಹುದಾದದ್ದು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಊಟದ ಖರ್ಚಿಗೆ ಎಲ್ಲೂ ಹಣವಿಲ್ಲ, ಆದರೆ ನಗರಸಭೆ ತನ್ನ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆಂದು ನೂರಕ್ಕೆ 24.10ರಂತೆ ಎತ್ತಿಡುವ ಪಾಲಿನ ಲೆಕ್ಕಶೀರ್ಷಿಕೆಯಲ್ಲಿ ಉಳಿಕೆ ಇದೆ. ಕೇಂದ್ರದಲ್ಲಿ ಮಲಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪರಿಶಿಷ್ಟರೇ ಅಲ್ಲವೇ ಎಂದುಕೊಂಡು ಆ ವರ್ಷದ ಊಟದ ಬಿಲ್ಲು ಪೂರ್ತಿ ಅಲ್ಲೇ ಹಾಕಿಸಿದೆ. ಐದು ಲಕ್ಷದ ಎಂಬತ್ತು ಸಾವಿರ ಚಿಲ್ಲರೆ. 2021ರಲ್ಲಿ ಆಡಿಟ್ ಪ್ಯಾರಾ, ಅಂದರೆ ಲೆಕ್ಕಪರಿಶೋಧಕರ ಆಕ್ಷೇಪಣೆ ಬಂತು. ಫಲಾನುಭವಿಗಳ ಜಾತಿ ಪ್ರಮಾಣಪತ್ರ ಎಲ್ಲಿ, ಕ್ರಿಯಾ ಯೋಜನೆಯಲ್ಲಿ ಈ ಕಾಮಗಾರಿ ಎಲ್ಲಿ, ಸಂಬಂಧಪಟ್ಟವರಿಂದ ವಸೂಲಿ ಮಾಡಿ ಎಂದು. ಸಂಬಂಧಪಟ್ಟವರು ಎಂದರೆ ನಾನು ಮತ್ತು ಆಗಿನ ಲೆಕ್ಕಾಧಿಕಾರಿ. ಫುಟ್‌ಪಾತಿನಲ್ಲಿ ಮಲಗುವ ಮನುಷ್ಯನ ಹತ್ತಿರ ಜಾತಿ ಪ್ರಮಾಣಪತ್ರ ಇರುತ್ತದೆಯೇ ಎಂದು ಕೇಳಿ ನೋಡಿದೆ. ಕೇಳಿದ್ದರಿಂದ ಪ್ಯಾರಾ ಹೋಗಲಿಲ್ಲ. 14 ತಿಂಗಳು ಉತ್ತರ, ಮರು ಉತ್ತರ ನಡೆಯಿತು. ಕೊನೆಗೆ ಸಾಮಾನ್ಯ ನಿಧಿಯಿಂದ ಅಷ್ಟೂ ಹಣವನ್ನು 24.10ಕ್ಕೆ ವಾಪಸ್ ಕಟ್ಟಿದ ಮೇಲೆ ಬಗೆಹರಿಯಿತು.

ಆ ಆಕ್ಷೇಪಣೆ ಸರಿಯೇ ಆಗಿತ್ತು ಎಂದು ಇವತ್ತು ನಾನು ಒಪ್ಪುತ್ತೇನೆ. ಅದು ಒಂದು ಸಮುದಾಯಕ್ಕೆಂದು ಎತ್ತಿಟ್ಟ ಹಣ. ಒಳ್ಳೆಯ ಕೆಲಸದ ಹೆಸರಿನಲ್ಲಿ ಅದಕ್ಕೆ ಕೈಹಾಕುವ ಅಭ್ಯಾಸದಿಂದಲೇ ಎಷ್ಟು ಕೇರಿಗಳಿಗೆ ನೀರಿನ ಪೈಪು ಹೋಗಿಲ್ಲ ಎಂಬುದನ್ನು ನಾನೇ ನೋಡಿದ್ದೇನೆ. ಆಗ ಹೊಳೆಯಲಿಲ್ಲ.

ನಡುವೆ ಕೊರೊನಾ. 2020ರ ಏಪ್ರಿಲಿನಲ್ಲಿ ಕಲ್ಯಾಣಮಂಟಪ ತೆಗೆದುಕೊಂಡು 180 ಜನರನ್ನು ಇರಿಸಿದೆವು. ಊರಿಗೆ ಊರೇ ಅನ್ನ ಕೊಟ್ಟಿತು, ಹಣದ ಚಿಂತೆ ಇರಲಿಲ್ಲ. ತೊಂದರೆ ಶುರುವಾದದ್ದು ಮುಗಿದ ಮೇಲೆ. ಮೊದಲು ಕೇಂದ್ರಕ್ಕೆ ಬರುತ್ತಿದ್ದವರು ಹಮಾಲರು, ಗಾರೆ ಕೆಲಸಕ್ಕೆ ಬಂದವರು, ಸಂತೆ ವ್ಯಾಪಾರಿಗಳು. ಈಗ ಬರುವವರಲ್ಲಿ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಹೋದ ಮುದುಕರು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಹೋಗಲು ಮನೆಯಿಲ್ಲದವರು, ಲಕ್ವ ಹೊಡೆದವರು ಹೆಚ್ಚು. ಹಮಾಲರಿಗೆ ಚಾಪೆ ಕೊಟ್ಟರೆ ಸಾಕಿತ್ತು, ಇವರಿಗೆ ಕೈಹಿಡಿದು ನಡೆಸುವವರು ಬೇಕು. ವೈದ್ಯಕೀಯ ನೆರವು ಕೇಳಿ ನಮ್ಮ ಶಾಖೆಗೆ ಬರುತ್ತಿದ್ದ ಅರ್ಜಿ ವರ್ಷಕ್ಕೆ ಅರವತ್ತು ಎಪ್ಪತ್ತು ಇದ್ದದ್ದು 2022ರ ಹೊತ್ತಿಗೆ ನಾನೂರು ದಾಟಿತು. ಅದೇ ವರ್ಷ ನಲ್ಮ್‌ನ ಕೊನೆಯ ಕಂತು ಬಂತು. 2024ರ ಸೆಪ್ಟೆಂಬರಿಗೆ ಆ ಯೋಜನೆಯೇ ಮುಗಿಯಿತು.

ಸಾಮಾನ್ಯ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಇದೇನು ಧರ್ಮಛತ್ರವೇ" ಎಂದರು. ಅವತ್ತು ನಮ್ಮಲ್ಲಿ ಹಾಸಿಗೆ 50, ಮಲಗಿದವರು 71. ಉತ್ತರ ಹೇಳಬೇಕೆಂದು ಎದ್ದೆ, ಪೌರಾಯುಕ್ತರು ಕೂರಲು ಸನ್ನೆ ಮಾಡಿದರು.

ಹಣಕ್ಕೆಂದು ನಾನು ಹತ್ತದ ಮೆಟ್ಟಿಲಿಲ್ಲ. ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು 20 ಜೋಡಿ ಮಂಚ, ಸೋಲಾರ್ ಹೀಟರ್ ಕೊಟ್ಟರು. ಮಂಚಗಳು ಒಂದರ ಮೇಲೊಂದು ಇರುವ ಹಾಸ್ಟೆಲ್ ಮಂಚ. ಅರವತ್ತು ದಾಟಿದವರು ಏಣಿ ಹತ್ತಿ ಮಲಗುವುದು ಹೇಗೆ? ವೆಲ್ಡಿಂಗ್‌ನವರನ್ನು ಕರೆಸಿ ಮೇಲಿನದನ್ನು ಕತ್ತರಿಸಿ ಬೇರೆ ಕಾಲು ಕೂರಿಸಿದೆವು, ಜೋಡಿಗೆ 900 ರೂಪಾಯಿ. ಆ 18 ಸಾವಿರವನ್ನು ಕೊಡುವವರಿಲ್ಲ. ಹೀಟರ್ ಎರಡನೇ ವರ್ಷ ಸೋರಲು ಶುರುವಾಯಿತು. ದಾನಿಗಳು ವಸ್ತು ಕೊಡುತ್ತಾರೆ, ಫಲಕ ಹಾಕಿಸುತ್ತಾರೆ. ಕೇರ್‌ಟೇಕರ್ ಸಂಬಳ ಕೊಡಿ ಎಂದರೆ ಮಾತು ಬದಲಾಗುತ್ತದೆ. ನಮಗೆ ಬೇಕಿದ್ದದ್ದು ಸಂಬಳ ಮತ್ತು ಅಕ್ಕಿ, ಬೇರೇನೂ ಅಲ್ಲ.

ಭಿಕ್ಷುಕರ ಕರದ ಹಿಂದೆಯೂ ಬಿದ್ದೆ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ 3ರಂತೆ ವಸೂಲಾಗುವ ಆ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು. ನಮ್ಮೂರಲ್ಲಿ ಈಗ ವರ್ಷಕ್ಕೆ ಹನ್ನೆರಡು ಹದಿಮೂರು ಲಕ್ಷ ಆಗುತ್ತದೆ, ಹೆಚ್ಚು ಕಡಿಮೆ ನಮ್ಮ ಕೇಂದ್ರದ ವರ್ಷದ ಖರ್ಚಿನಷ್ಟೇ. ಆದರೆ ಅದು ನಮ್ಮ ಹಣವಲ್ಲ. ರಾಜ್ಯದ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕಾದದ್ದು. ಅದರಲ್ಲಿ ಒಂದು ಪಾಲನ್ನು ಊರಲ್ಲೇ ಬಳಸಲು ಬಿಡಿ ಎಂದು ಎರಡು ಪತ್ರ ಬರೆಸಿದೆ, ಆಗಲಿಲ್ಲ. ನೀವೂ ಅದರ ಹಿಂದೆ ಹೋಗಬೇಡಿ, ಕಾಯ್ದೆ ಬದಲಾಗದೆ ಅದು ಆಗುವ ಮಾತಲ್ಲ. ಕಾಯ್ದೆ ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಾರಿ ಸಿಕ್ಕಿದ್ದು ಆ ಆಡಿಟ್ ಪ್ಯಾರಾಕ್ಕೆ ಉತ್ತರ ಬರೆಯಲು ಕೂತಾಗ. ಹಿಂದಿನ ಆರೇಳು ವರ್ಷದ ಬಜೆಟ್ ಪುಸ್ತಕ ತೆಗೆದು ಪರಿಶಿಷ್ಟರ 24.10, ಇತರ ಬಡವರ 7.25, ಅಂಗವಿಕಲರ 5 (ಮೊದಲು 3 ಇತ್ತಲ್ಲ) ಮೂರನ್ನೂ ಸಾಲಾಗಿ ಬರೆದುಕೊಂಡೆ. 7.25ರಲ್ಲಿ ಖರ್ಚಾಗದೆ ಮುಂದಕ್ಕೆ ಬಂದ ಉಳಿಕೆ ಸುಮಾರು 31 ಲಕ್ಷ. ಅಂಗವಿಕಲರ ಶೀರ್ಷಿಕೆಯಲ್ಲಿ 22 ಲಕ್ಷ. ನನಗೆ ಅವತ್ತು ನಿದ್ದೆ ಬರಲಿಲ್ಲ. ಹಣಕ್ಕಾಗಿ ಊರೂರು ಅಲೆದೆ, ಅದು ನಮ್ಮ ಪುಸ್ತಕದಲ್ಲೇ ಕೂತಿದೆ! ಬೆಳಿಗ್ಗೆ ಹೋಗಿ ಲೆಕ್ಕಾಧಿಕಾರಿಗೆ ತೋರಿಸಿದೆ. ಅವರು ಪಾಸ್‌ಬುಕ್ ತೆಗೆದು ತೋರಿಸಿದರು. ಬ್ಯಾಂಕಿನಲ್ಲಿ ಎರಡೂ ಸೇರಿ ನಾಲ್ಕು ಲಕ್ಷ ಇರಲಿಲ್ಲ. ಪುಸ್ತಕದಲ್ಲಿ ಇದೆ, ಕೈಯಲ್ಲಿಲ್ಲ. ಪಾಲನ್ನು ವರ್ಷದ ಕೊನೆಗೆ ಕಾಗದದ ಮೇಲೆ ತೆಗೆಯುತ್ತಿದ್ದರು. ಅಷ್ಟರಲ್ಲಿ ಹಣ ಪಂಪ್‌ಹೌಸಿನ ಕರೆಂಟು ಬಿಲ್ಲಿಗೆ, ಗಾಡಿಗಳ ಡೀಸೆಲ್ಲಿಗೆ ಹೋಗಿರುತ್ತಿತ್ತು.

ಹಾಗಾಗಿ ಕೆಲಸ ಎರಡು. ಮಡಕೆ, ಅಂದರೆ ನಗರಸಭೆಯ ಸ್ವಂತ ಆದಾಯ ದೊಡ್ಡದಾಗಬೇಕು, ನಮ್ಮ ಪಾಲನ್ನು ಬೇರೆಯವರು ಮುಟ್ಟುವ ಮೊದಲೇ ಎತ್ತಿಡಬೇಕು.

ಎರಡನೆಯದನ್ನು ಮೊದಲು ಹೇಳುತ್ತೇನೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೂರಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ. ತಿಂಗಳ 5ನೇ ತಾರೀಕು, ಹಿಂದಿನ ತಿಂಗಳ ಸ್ವಂತ ವಸೂಲಾತಿಯ ಲೆಕ್ಕ ನೋಡಿ ಪಾಲು ವರ್ಗಾವಣೆ. ಪಾಲು ತೆಗೆಯುವ ಮೊದಲು ಆದಾಯದಿಂದ ಕಡ್ಡಾಯ ವೆಚ್ಚ ಕಳೆಯುವ ಕ್ರಮ ನಿಮಗೆ ಗೊತ್ತಿದೆ. ನಾವು ಅದನ್ನು ತಿಂಗಳಿಗೆ ಅಂದಾಜಿನಲ್ಲಿ ಕಳೆದು, ಮಾರ್ಚಿನಲ್ಲಿ ಸರಿಹೊಂದಿಸುತ್ತೇವೆ. ಇದಕ್ಕೆ ಸಾಮಾನ್ಯ ಸಭೆಯ ಠರಾವು ಬೇಕೇಬೇಕು. ಪೌರಾಯುಕ್ತರ ಮೌಖಿಕ ಒಪ್ಪಿಗೆ ಸಾಲದು, ಅವರು ವರ್ಗವಾದ ಮರುದಿನ ನಿಂತುಹೋಗುತ್ತದೆ. ನಮ್ಮಲ್ಲಿ ಹಾಗೆ ಒಂದು ಸಲ ನಿಂತು ನಾಲ್ಕು ತಿಂಗಳು ಕಳೆದುಕೊಂಡೆವು. ಠರಾವು ಪಾಸಾಗಲು ಕಡತವನ್ನು ಯಾವ ವಿಷಯದ ಹಿಂದೆ, ಯಾವ ವಿಷಯದ ಮುಂದೆ ಇಡಬೇಕು ಎಂಬುದಕ್ಕೆ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಾಗ ಕೇಳಿ.

ಇನ್ನು ಮಡಕೆ. ಕಂದಾಯ ಶಾಖೆಗೆ ಹೋಗಿ ಆಸ್ತಿ ತೆರಿಗೆಯ ವಿಷಯ ತೆಗೆದಾಗ ಒಬ್ಬ ಹಿರಿಯರು "ಅಮ್ಮಾ, ನಿಮ್ಮದು ಖರ್ಚಿನ ಶಾಖೆ, ಗಳಿಕೆಯ ಮಾತು ನಮಗೆ ಬಿಡಿ" ಎಂದರು. ಹೌದು, ನನ್ನ ಕೆಲಸವಲ್ಲ. ಆದರೆ ಅವರಿಗೆ ತೆರಿಗೆ ಅರುವತ್ತು ಪರ್ಸೆಂಟ್ ಬಂದರೂ ಊಟ ತಪ್ಪುವುದಿಲ್ಲ. ನಮ್ಮ ಕೇಂದ್ರದವರಿಗೆ ತಪ್ಪುತ್ತದೆ.

ನಮ್ಮ ರಿಜಿಸ್ಟರಿನಲ್ಲಿ ಆಗ ಸುಮಾರು 31 ಸಾವಿರ ಆಸ್ತಿ. ವಿದ್ಯುತ್ ಕಂಪನಿಯ ಆರ್‌ಆರ್ ನಂಬರುಗಳು (ಒಂದೊಂದು ಮೀಟರಿಗೆ ಒಂದು) 38 ಸಾವಿರ. ಈ ಏಳು ಸಾವಿರದ ವ್ಯತ್ಯಾಸ ನನಗೆ ಸಿಕ್ಕಿದ ಚಿನ್ನದ ಗಣಿ. ಪಟ್ಟಿ ಅಧಿಕೃತವಾಗಿ ಸಿಗಲು ಐದು ತಿಂಗಳು ಬೇಕಾಯಿತು, ಮೂರು ಪತ್ರ, ಜಿಲ್ಲಾಧಿಕಾರಿ ಕಚೇರಿಯ ಒಂದು ಸಭೆ. ಪಟ್ಟಿ ಬಂದ ಮೇಲೆ ಒಕ್ಕೂಟದ ಹೆಣ್ಣುಮಕ್ಕಳನ್ನು ವಾರ್ಡಿಗೆ ಮೂವರಂತೆ ಕಳಿಸಿದೆವು. ಮನೆಗೆ 15 ರೂಪಾಯಿ ಕೂಲಿ. ಬರೀ ಹೊಂದಾಣಿಕೆಯಾಗದ ಮನೆಗಳಿಗೆ ಮಾತ್ರ ಹೋದದ್ದರಿಂದ ಒಟ್ಟು ಖರ್ಚು ಒಂದು ಲಕ್ಷದ ಆಸುಪಾಸು. ಹೊರಗಿನ ಏಜೆನ್ಸಿಯವರು ಪೂರ್ತಿ ಸರ್ವೆಗೆ ಕೇಳಿದ್ದು 40 ಲಕ್ಷ! ಏಳು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಮಹಡಿ ಮೇಲಿನ ಬಾಡಿಗೆ ಮನೆಯ ಮೀಟರು, ಬೋರ್‌ವೆಲ್ ಮೀಟರು. ನಿಜವಾಗಿ ತೆರಿಗೆಯೇ ಕಟ್ಟದ ಕಟ್ಟಡ ಸಿಕ್ಕಿದ್ದು 3,200ರಷ್ಟು. ಒಂದು ಮದುವೆ ಹಾಲ್, ಎರಡು ಗೋಡೌನ್ ಕೂಡ ಅದರಲ್ಲಿದ್ದವು. ಸರಾಸರಿ 1,900 ರೂಪಾಯಿ ಎಂದರೂ ವರ್ಷಕ್ಕೆ 60 ಲಕ್ಷ. ಅನಧಿಕೃತ ಆಸ್ತಿಗಳಿಗೆ ಖಾತೆ ಕೊಡುವ 2025ರ ಬಿ-ಖಾತೆ ಅಭಿಯಾನದಲ್ಲಿ ಇನ್ನೂ ಒಂದಷ್ಟು ಸೇರಿತು, ಅದರ ಲೆಕ್ಕ ಇನ್ನೂ ಪಕ್ಕಾ ಆಗಿಲ್ಲ.

ಹೆಣ್ಣುಮಕ್ಕಳು ಹೋದದ್ದರಿಂದ ಇನ್ನೊಂದು ಲಾಭವಾಯಿತು, ನಾನು ಎಣಿಸದೆ ಇದ್ದದ್ದು. ಬಿಲ್ ಕಲೆಕ್ಟರ್ ಬಂದರೆ "ಯಜಮಾನರಿಲ್ಲ" ಎಂದು ಬಾಗಿಲು ಹಾಕುವ ಮನೆಯಲ್ಲಿ ಇವರನ್ನು ಒಳಗೆ ಕರೆದು ನೀರು ಕೊಡುತ್ತಾರೆ. "ಏಪ್ರಿಲಿನಲ್ಲಿ ಕಟ್ಟಿದರೆ 5 ಪರ್ಸೆಂಟ್ ಕಡಿಮೆ ಅಕ್ಕಾ, ಜುಲೈ ಆದರೆ ತಿಂಗಳಿಗೆ 2 ಪರ್ಸೆಂಟ್ ಬಡ್ಡಿ" ಎಂದು ಇವರು ಹೇಳಿದ್ದು ಮನೆಯವರ ತಲೆಗೆ ಹೋಗುತ್ತದೆ. ಮೂರು ವರ್ಷದಲ್ಲಿ ವಸೂಲಿ 2 ಕೋಟಿ 60 ಲಕ್ಷದಿಂದ 4 ಕೋಟಿ 30 ಲಕ್ಷಕ್ಕೆ ಬಂತು. ಅದರಲ್ಲಿ ಹಳೇ ಬಾಕಿಯೂ ಇದೆ, ಅದು ಪ್ರತಿವರ್ಷ ಬರುವುದಿಲ್ಲ ಎಂಬುದು ಗೊತ್ತಿದೆ.

ಅಂಗಡಿಗಳ ವಿಷಯ ಇದಕ್ಕಿಂತ ಕಹಿ. ನಗರಸಭೆಯ 212 ಮಳಿಗೆ, ಸರಾಸರಿ ಬಾಡಿಗೆ 750 ರೂಪಾಯಿ. ಪಕ್ಕದ ಖಾಸಗಿ ಮಳಿಗೆಗೆ ಆರು ಸಾವಿರ. 12 ವರ್ಷದ ಕರಾರು ಮುಗಿದು ಎಷ್ಟೋ ಕಾಲವಾಗಿತ್ತು. ಹಲವರು ತಾವೇ ಒಳಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತಿದ್ದರು. ಹರಾಜು ಎಂದ ಕೂಡಲೇ ಊರಲ್ಲಿ ಗದ್ದಲ. ನನ್ನ ಮನೆಯ ಗೇಟಿಗೆ ಕಾಗದ ಅಂಟಿಸಿದರು, ನಮ್ಮ ಯಜಮಾನರ ಅಂಗಡಿಗೆ ಹೋಗಿ "ನಿಮ್ಮ ಹೆಂಡತಿಗೆ ಬುದ್ಧಿ ಹೇಳಿ" ಎಂದರು. ಅವರು ಹೇಳಲಿಲ್ಲ. 82 ಮಳಿಗೆಯವರು ಕೋರ್ಟಿಗೆ ಹೋದರು, ಇವತ್ತಿಗೂ ಹಳೇ ಬಾಡಿಗೆಯೇ ಕೊಡುತ್ತಿದ್ದಾರೆ. ಉಳಿದ 130 ಹರಾಜಾಗಿ ಸರಾಸರಿ 3,400ಕ್ಕೆ ನಿಂತವು. ವರ್ಷಕ್ಕೆ 19 ಲಕ್ಷ ಇದ್ದದ್ದು 60 ಲಕ್ಷ ಆಯಿತು. ಬಾಕಿ ಉಳಿಸಿಕೊಂಡಿದ್ದ ಅರವತ್ತು ಚಿಲ್ಲರೆ ಜನರಿಂದ ಹದಿನೈದೇ ದಿನದಲ್ಲಿ, ಒಂದು ಬೀಗವನ್ನೂ ಒಡೆಯದೆ ಹಣ ಕಟ್ಟಿಸಿದ್ದೇವೆ. ಅದರ ಉಪಾಯವನ್ನೂ ಸದ್ಯ ಹೇಳುವುದಿಲ್ಲ, ಆ 82 ಜನ ಓದಿಯಾರು.

ಎರಡೂ ಸೇರಿ ಸ್ವಂತ ಆದಾಯದಲ್ಲಿ ಹೆಚ್ಚಿದ್ದು ಎರಡು ಕೋಟಿ ಚಿಲ್ಲರೆ. ಬರೀ ಈ ಹೆಚ್ಚಳದ ಮೇಲೆ ಲೆಕ್ಕ ಹಾಕಿ: 7.25 ಎಂದರೆ 14 ಲಕ್ಷದ ಮೇಲೆ, 5 ಎಂದರೆ 10 ಲಕ್ಷ, 24.10 ಎಂದರೆ 48 ಲಕ್ಷ. ಖರ್ಚು ಕಳೆದರೆ ಇದಕ್ಕಿಂತ ಕಡಿಮೆ ಬರುತ್ತದೆ, ಆದರೂ ಹಳೆಯ ಪಾಲಿನ ಜೊತೆ ಸೇರಿ ಕೇಂದ್ರ ನಡೆಸಿ ಉಳಿಯುವಷ್ಟಿದೆ. ಹಣಕ್ಕೆಂದು ಬೆಂಗಳೂರಿನ ಸಹಿಗೆ ಕಾಯಬೇಕಿಲ್ಲ. ಊರು ಬೆಳೆದಂತೆ ಕಷ್ಟದಲ್ಲಿರುವವರೂ ಹೆಚ್ಚುತ್ತಾರೆ, ಊರು ಬೆಳೆದಂತೆ ಈ ಪಾಲೂ ಬೆಳೆಯುತ್ತದೆ. ಅನುದಾನದಲ್ಲಿ ಈ ಗುಣ ಇಲ್ಲ. 2017ರ ಆರು ಲಕ್ಷ ಐದು ವರ್ಷವಾದರೂ ಆರು ಲಕ್ಷವೇ.

ಈಗ ಯಾವುದನ್ನು ಎಲ್ಲಿಗೆ ಹಾಕುತ್ತೇವೆ ಎಂಬುದು. ಸಂಬಳ, ಊಟ, ಕರೆಂಟು 7.25 ಮತ್ತು ಸಾಮಾನ್ಯ ನಿಧಿಯಿಂದ, ಕ್ರಿಯಾ ಯೋಜನೆಯಲ್ಲಿ ಮೊದಲೇ ಸೇರಿಸಿ ಜಿಲ್ಲಾಧಿಕಾರಿಗಳ ಅನುಮೋದನೆ ಪಡೆದು. ಒಂದು ತಿಂಗಳಿಗಿಂತ ಹೆಚ್ಚು ಇರುವವರಿಗೆ ಮೊದಲು ಆಧಾರ್ ಮಾಡಿಸುತ್ತೇವೆ, ಆಶ್ರಯ ಕೇಂದ್ರದ ವಿಳಾಸದಲ್ಲೇ. ಆಧಾರ್ ಆದರೆ ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರಕ್ಕೆ ಅರ್ಜಿ. ಪರಿಶಿಷ್ಟರು ಎಂದು ಪತ್ರ ಬಂದವರ ಚಿಕಿತ್ಸೆ, ತರಬೇತಿ, ಕನ್ನಡಕ ಅವರ ಹೆಸರಿನಲ್ಲೇ 24.10ರಿಂದ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು ಆದವರ ಖರ್ಚು 5ರಿಂದ. ಹೀಗೆ ಮಾಡಿದ ಮೇಲೆ ಎರಡು ಆಡಿಟ್ ಕಳೆದಿವೆ. ಈ ಬಾಬ್ತಿನಲ್ಲಿ ಒಂದು ಪ್ಯಾರಾ ಬಂದಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಆಧಾರ್ ಮಾಡಿಸುವುದರಿಂದ ಇನ್ನೊಂದಾಯಿತು. 65 ದಾಟಿದ ನಲವತ್ತು ಜನರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಿದೆವು. ತಿಂಗಳಿಗೆ 1,200 ರೂಪಾಯಿ ಬರಲು ಶುರುವಾದ ಮೇಲೆ ಹನ್ನೊಂದು ಜನರನ್ನು ನೆಂಟರೇ ಬಂದು ಕರೆದುಕೊಂಡು ಹೋದರು. ಆ ಹಣಕ್ಕೇ ಬಂದರು ಎಂದು ಕೇರ್‌ಟೇಕರ್ ಬೇಸರಪಟ್ಟಳು. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಒಂದು ತುತ್ತಿಗೆ ಲೆಕ್ಕ ಇಡುವ ಬಡತನ ಇರುವಲ್ಲಿ 1,200 ರೂಪಾಯಿ ಮುದುಕಿಗೆ ಮರ್ಯಾದೆ ತಂದುಕೊಡುತ್ತದೆ. ಆರು ತಿಂಗಳಾದ ಮೇಲೆ ಹೋಗಿ ನೋಡಿಬಂದಿದ್ದೇವೆ. ಒಂಬತ್ತು ಜನ ಚೆನ್ನಾಗಿದ್ದರು, ಇಬ್ಬರನ್ನು ವಾಪಸ್ ಕರೆತಂದೆವು.

5ರ ಹಣದ ಜಗಳ ಬೇರೆ. ವಾಡಿಕೆಯಂತೆ ಅದೆಲ್ಲ ತ್ರಿಚಕ್ರ ವಾಹನಕ್ಕೆ ಹೋಗುತ್ತಿತ್ತು. ಒಂದೊಂದು ಲಕ್ಷದ ಹತ್ತಿರ, ವರ್ಷಕ್ಕೆ ಎಂಟೋ ಹತ್ತೋ ಗಾಡಿ. ಗಾಡಿ ಬೇಡ ಎಂದು ನಾನು ಹೇಳಲಾರೆ, ಅದರಿಂದ ಕೆಲಸಕ್ಕೆ ಹೋಗುವವರಿದ್ದಾರೆ. ಆದರೆ ಹಾಸಿಗೆಯಿಂದಲೇ ಏಳದವರಿಗೆ ಗಾಡಿ ಏನು ಮಾಡುತ್ತದೆ? ಅರ್ಧ ಹಣ ಫಿಸಿಯೋಥೆರಪಿಗೆ ಎಂದು ಎರಡು ವರ್ಷ ಹಠ ಹಿಡಿದೆ. ಮೊದಲ ವರ್ಷ ಸೋತೆ. ಎರಡನೇ ವರ್ಷ ಲಕ್ವ ಹೊಡೆದಿದ್ದ ಒಬ್ಬರನ್ನು, ನಾಲ್ಕು ತಿಂಗಳ ವ್ಯಾಯಾಮದ ಮೇಲೆ, ಕೋಲೂರಿಕೊಂಡು ಸಭೆಯ ಬಾಗಿಲವರೆಗೆ ನಡೆಸಿಕೊಂಡು ಬಂದೆವು. ಅವರಿಗೆ ಆ ಚಿಕಿತ್ಸೆ ನಾನು ಪರಿಚಯದ ಫಿಸಿಯೋಥೆರಪಿಸ್ಟ್ ಕೈಕಾಲು ಹಿಡಿದು ಪುಕ್ಕಟೆ ಮಾಡಿಸಿದ್ದು. ಠರಾವು ಪಾಸಾಯಿತು. ಈಗ ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ಜನ.

ಪಕ್ಕದಲ್ಲಿ ಸಣ್ಣಪುಟ್ಟ ಪ್ರಯೋಗಗಳನ್ನೂ ಮಾಡಿದೆವು. ಒಣಕಸ ಮಾರಿ ಕೇಂದ್ರಕ್ಕೆ ಹಣ ಎಂದು ಹೊರಟದ್ದು ಕೈಸುಟ್ಟಿತು. ಪ್ಲಾಸ್ಟಿಕ್ ದರ ಬಿದ್ದು, ಶೆಡ್ಡಿನ ಬಾಡಿಗೆ ಏರಿ, ಒಂದು ವರ್ಷಕ್ಕೆ 70 ಸಾವಿರ ನಷ್ಟ. ಮಾರ್ಕೆಟ್ಟಿನ ಶೌಚಾಲಯವನ್ನು ಒಕ್ಕೂಟಕ್ಕೆ ಕೊಟ್ಟದ್ದು ಫಲ ಕೊಟ್ಟಿತು. ತಿಂಗಳಿಗೆ 38 ಸಾವಿರ ಬರುತ್ತದೆ, 26 ಸಾವಿರ ಖರ್ಚು, ಉಳಿದದ್ದು ಕೇಂದ್ರದ ಹಾಲು, ಹಣ್ಣಿಗೆ.

ಹುಟ್ಟುಹಬ್ಬದ ಊಟದ ಕತೆ ಸ್ವಲ್ಪ ಉದ್ದ. ಒಂದು ರಾತ್ರಿಯ ಊಟಕ್ಕೆ 2,000 ಎಂದು ಕ್ಯಾಲೆಂಡರ್ ಮಾಡಿ ಹಂಚಿದೆವು. ಮೊದಲ ವರ್ಷವೇ 210 ದಿನ ತುಂಬಿತು, ನಾಲ್ಕು ಲಕ್ಷದ ಮೇಲೆ. ಆದರೆ ಕೊಡುವವರಿಗೆ ತಮ್ಮ ದಿನ ಸಿಹಿ ಇರಲೇಬೇಕು. ದಿನಾ ಕೇಸರಿಬಾತು, ಪಾಯಸ. ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಗಾಯಗಳು ಮಾಯದೆ ಇಬ್ಬರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ಗಮನಿಸಬೇಕಿತ್ತು, ಗಮನಿಸಲಿಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿ ಕುಟುಕುತ್ತದೆ. ಈಗ ದಿನಸಿಯನ್ನೇ ತೆಗೆದುಕೊಳ್ಳುತ್ತೇವೆ. ದಾನಿಗಳು ಬಂದು ಬಡಿಸಬಹುದು, ಅಡುಗೆ ಮಾತ್ರ ನಮ್ಮ ಪಟ್ಟಿಯಂತೆ. ದಿನಗಳು ನೂರೈವತ್ತಕ್ಕೆ ಇಳಿದವು. ಇಳಿಯಲಿ. ದಾನ ಬಂದರೆ ಒಳ್ಳೆಯದು, ಬರದಿದ್ದರೂ ಊಟ ನಿಲ್ಲಬಾರದು, ಆ ಲೆಕ್ಕದಲ್ಲೇ ಬಜೆಟ್ ಮಾಡುತ್ತೇನೆ.

ಡಯಾಲಿಸಿಸ್ ಬಸ್ ಚಾರ್ಜಿನದು ನಾವೇ ಮಾಡದೆ ಕೈಗೂಡಿದ ಉಳಿತಾಯ. ವಾರಕ್ಕೆ ಎರಡು ಮೂರು ಸಲ ಜಿಲ್ಲಾಸ್ಪತ್ರೆಗೆ ಬರಬೇಕಾದವರು, ಜೊತೆಗೊಬ್ಬರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಚಾರ್ಜು ಪೂರ್ತಿ ಉಳಿಯಿತು. ಗಂಡಸು ರೋಗಿಗಳ ಜೊತೆ ಬರುವವರೂ ಹೆಚ್ಚಾಗಿ ಹೆಂಡತಿ, ತಾಯಿ, ಅಕ್ಕ. ಹಾಗಾಗಿ 20 ಜನಕ್ಕೆಂದು ಇಟ್ಟ ಹಣದಲ್ಲಿ ಈಗ 34 ಜನಕ್ಕೆ ಕೊಡುತ್ತಿದ್ದೇವೆ.

ಬಂದು ನೋಡುತ್ತೇವೆ ಎನ್ನುವವರಿಗೆ ಒಂದು ಮಾತು. ಮಾರ್ಚಿನಲ್ಲಿ ಬರಬೇಡಿ, ಯಾರಿಗೂ ಪುರುಸೊತ್ತಿಲ್ಲ. ಜೂನ್, ಜುಲೈನಲ್ಲಿ ಬನ್ನಿ. ಖಾತೆಗಳ ಪಾಸ್‌ಬುಕ್, ಠರಾವಿನ ಪ್ರತಿ, ಆರ್‌ಆರ್ ಪಟ್ಟಿ ಹೊಂದಿಸಿದ ವಿಧಾನ ಎಲ್ಲ ತೋರಿಸುತ್ತೇನೆ. ನಿಮ್ಮ ಲೆಕ್ಕಾಧಿಕಾರಿಯನ್ನು ಕರೆದುಕೊಂಡೇ ಬನ್ನಿ. ನೀವೊಬ್ಬರೇ ನೋಡಿಹೋದರೆ ಊರಿಗೆ ಹೋಗಿ ಅವರನ್ನು ಒಪ್ಪಿಸುವುದರಲ್ಲಿ ಒಂದು ವರ್ಷ ಹೋಗುತ್ತದೆ. ನನಗೆ ಹಾಗೇ ಹೋಯಿತು.

ಸದ್ಯ ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಕಟ್ಟಿಸುತ್ತಿದ್ದೇವೆ, 18 ಹಾಸಿಗೆ. ಇಷ್ಟು ದಿನ ಪರದೆ ಎಳೆದು ನಡೆಸಿದ್ದೇ ತಪ್ಪು. ಗೋಡೆ ಎದ್ದಿದೆ, ಬಾಗಿಲಿನ ಚೌಕಟ್ಟು ಕೂತಿದೆ. ಗೀಸರ್, ಒಳಗಿನ ಚಿಲಕ, ರಾತ್ರಿಗೆ ಒಬ್ಬ ಮಹಿಳಾ ಕೇರ್‌ಟೇಕರ್ ಬಾಕಿ. ಸಂಬಳ ತಿಂಗಳಿಗೆ 14 ಸಾವಿರ, 7.25ರಲ್ಲಿ ಜಾಗ ಇದೆ. ಸೋಮವಾರ ಕಡತ ಇಡುತ್ತಿದ್ದೇನೆ.